ಸಾಲ್ಮನ್ ಮರಿಯ ವ್ಯಾಧಿಕ್ಷಮತ್ವ: ಒಂದು ಶಬ್ದಾರ್ಥವಿಮರ್ಶೆ

ಮೀನುಸಾಕಣೆಯನ್ನು ಕುರಿತು ಕನ್ನಡದಲ್ಲಿ ಹೊರಡುವ ಲೇಖನಗಳಲ್ಲಿಯೂ ಕೈಪಿಡಿಗಳಲ್ಲಿಯೂ 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದು' ಎಂಬ ಮಾತು ಅಡಿಗಡಿಗೆ ಕಾಣಬರುತ್ತದೆ. ಮನುಷ್ಯರ ವಿಷಯದಲ್ಲಿ ವೃತ್ತಪತ್ರಿಕೆಗಳು ಇದನ್ನು ಎಷ್ಟು ಬಳಸಿವೆಯೆಂಬುದು ವಿದಿತವೇ ಆಗಿದೆ. ೨೦೨೦ನೆಯ ಇಸವಿಯ ಮಹಾಮಾರಿಯ ತರುವಾಯ ಕಷಾಯದ ಪುಡಿಯ ಪೊಟ್ಟಣದ ಮೇಲೆಯೂ ಅಚ್ಚಾಗುವಷ್ಟರ ಮಟ್ಟಿಗೆ ಅದು ಮನೆಮಾತಾಯಿತು. ಬಳಕೆಯಿಂದ ಶಬ್ದವು ಸವೆಯುವುದು ದೋಷವಲ್ಲ. ಆದರೆ ಸವೆದ ಶಬ್ದವು ವಸ್ತುವಿನ ಸ್ವರೂಪವನ್ನೇ ಮರೆಯಿಸುವುದಾದರೆ ಅದನ್ನು ತಡೆದು ವಿಚಾರಿಸಬೇಕಾಗುತ್ತದೆ. 'ನಿರೋಧ', 'ಶಕ್ತಿ', 'ಹೆಚ್ಚಿಸು' ಎಂಬ ಮೂರು ಅವಯವಗಳು ಇಲ್ಲಿ ಕೂಡಿಕೊಂಡು, ದೇಹದ ಒಂದು ಧರ್ಮವನ್ನು ಕೊಡದಲ್ಲಿಯ ಎಣ್ಣೆಯಂತೆ ಹೊಯ್ದಷ್ಟೂ ಏರತಕ್ಕ ದ್ರವ್ಯವೆಂದು ಭಾವಿಸುವ ಹಾಗೆ ಮಾಡುತ್ತವೆ. ಎಳೆಯ ಪ್ರಾಣಿಯಲ್ಲಿ ಅದು ಮುಖ್ಯವಾಗಿ ಕಾಲಕ್ಕೆ ಅಧೀನವಾದ ಒಂದು ಯೋಗ್ಯತೆಯೆಂದೂ, ಈ ಭೇದವನ್ನರಿಯದ ಮಾತಿನಿಂದ ಸಾಕುವವನಿಗೆ ಪ್ರತ್ಯಕ್ಷವಾದ ನಷ್ಟವುಂಟೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಗೆ ಸಾಲ್ಮನ್ ಮೀನಿನ ಮರಿಯನ್ನು ತೆಗೆದುಕೊಂಡಿದ್ದೇನೆ. ಇದು ನಮ್ಮ ಹೊಳೆಗಳ ಮೀನಲ್ಲ. ಅಟ್ಲಾಂಟಿಕ್ ಸಾಗರದ ಉತ್ತರಭಾಗದ್ದು. ೧೭೫೮ರಲ್ಲಿ ಲಿನ್ನೇಯಸ್ ಪಂಡಿತನು ಇದಕ್ಕೆ 'ಸಾಲ್ಮೋ ಸಾಲಾರ್' ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ನಾರ್ವೆ ದೇಶದ ಹಿಟ್ರಾ ಎಂಬ ದ್ವೀಪದಲ್ಲಿ ಗ್ರೋಂಟ್ವೆಟ್ ಸಹೋದರರು ೧೯೭೦ರಲ್ಲಿ ಇದರ ಮರಿಗಳನ್ನು ಕಡಲಿನಲ್ಲಿ ತೇಲುವ ಬಲೆಪಂಜರದೊಳಗೆ ಬಿಟ್ಟು ಬೆಳೆಯಿಸಿದುದು ಈಗಿನ ಸಾಲ್ಮನ್ ಸಾಕಣೆಗೆ ನಾಂದಿಯಾಯಿತು. ಇಂದು ಆ ಒಂದು ದೇಶವೇ ವರ್ಷಕ್ಕೆ ೧೫ ಲಕ್ಷ ಟನ್ನಿನಷ್ಟು ಸಾಲ್ಮನ್ನನ್ನು ಬೆಳೆಯುತ್ತದೆ. ಎಳೆಯ ಮೀನಿಗೆ ರೋಗವು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಇಷ್ಟು ಎಚ್ಚರದಿಂದ ಎಣಿಸಿ ಬರೆದಿಟ್ಟಿರುವ ಜಾತಿಗಳು ವಿರಳವಾದುದರಿಂದ, ಶಬ್ದವನ್ನು ಒರೆಗೆ ಹಚ್ಚಲು ಇದು ಒಳ್ಳೆಯ ಕಲ್ಲು.

ಮುಂದಿನ ವಿಚಾರಕ್ಕೆ ಈ ಮೀನಿನ ಅವಸ್ಥೆಗಳ ಹೆಸರುಗಳು ಬೇಕಾಗುತ್ತವೆ. ಇಂಗ್ಲಿಷಿನಲ್ಲಿ ಅಲೆವಿನ್, ಫ್ರೈ, ಪಾರ್, ಸ್ಮೋಲ್ಟ್ ಎಂದು ನಾಲ್ಕು ಹೆಸರುಗಳುಂಟು. ಮೊಟ್ಟೆಯೊಡೆದು ಹೊರಬಂದ ಮರಿಯು ಹೊಟ್ಟೆಯ ಕೆಳಗೆ ಹಳದಿಯ ಚೀಲವನ್ನು ಹೊತ್ತುಕೊಂಡಿರುತ್ತದೆ. ಅದನ್ನು 'ಚೀಲಮರಿ' ಎನ್ನಬಹುದು. ಚೀಲವು ಕರಗಿ ಬಾಯಿಂದ ಮೇಯತೊಡಗಿದುದು 'ಎಳೆಮರಿ'. ಮೈಯ ಎರಡು ಪಕ್ಕದಲ್ಲಿಯೂ ಬೆರಳೊತ್ತಿದಂತೆ ಕಪ್ಪು ಪಟ್ಟೆಗಳು ಮೂಡಿದುದು 'ಪಟ್ಟೆಮರಿ'. ಆ ಪಟ್ಟೆಗಳು ಮರೆಯಾಗಿ ಮೈಯೆಲ್ಲ ಬೆಳ್ಳಗಾಗಿ ಕಡಲಿನ ಉಪ್ಪುನೀರಿಗೆ ಸಿದ್ಧವಾದುದು 'ಬೆಳ್ಳಿಮರಿ'. ಇವು ಈ ಲೇಖನದ ಮಟ್ಟಿಗೆ ಮಾಡಿಕೊಂಡ ಹೆಸರುಗಳು. ಇವುಗಳಿಗಿಂತ ಚೆಲುವಾದುವನ್ನು ಯಾರಾದರೂ ಕೊಟ್ಟರೆ ಸಂತೋಷ.

ಪ್ರಸಂಗವಶಾತ್ ಒಂದು ಮಾತು. ಈ ಮೀನಿಗೆ ಜರ್ಮನ್ ಭಾಷೆಯಲ್ಲಿ 'ಲಾಕ್ಸ್', ನಾರ್ವೆಯ ಭಾಷೆಯಲ್ಲಿ 'ಲಕ್ಸ್'. ಮಧ್ಯ ಏಷ್ಯದ ತೊಖಾರಿಯನ್ ಭಾಷೆಯಲ್ಲಿ 'ಲಕ್ಸ್' ಎಂದರೆ ಸಾಮಾನ್ಯವಾಗಿ ಮೀನು. ಇದನ್ನು ಹಿಡಿದುಕೊಂಡು ಆರ್ಯಭಾಷೆಗಳ ಮೂಲಸ್ಥಾನವು ಸಾಲ್ಮನ್ ಇರುವ ಹೊಳೆಗಳ ದೇಶವೆಂದು ವಾದಿಸಿದ ಪಂಡಿತರು ಹಲವರು. ೧೯೫೦ರ ದಶಕದಲ್ಲಿ ಪೌಲ್ ಟೀಮೆ ಎಂಬ ಜರ್ಮನ್ ವಿದ್ವಾಂಸನು ಒಂದು ಹೆಜ್ಜೆ ಮುಂದೆ ಹೋಗಿ ಸಂಸ್ಕೃತದ 'ಲಕ್ಷ' ಎಂಬ ಸಂಖ್ಯೆಗೂ 'ಲಾಕ್ಷಾ' ಎಂಬ ಅರಗಿಗೂ ಈ ಮೀನೇ ಮೂಲವೆಂದನು: ಮೀನು ಅಸಂಖ್ಯವಾಗಿ ಬರುವುದರಿಂದ ಸಂಖ್ಯೆ, ಅದರ ಮಾಂಸವು ಕೆಂಪಾದುದರಿಂದ ಅರಗು. ಇದು ನನಗೆ ಜಾಣತನದ ಊಹೆಯೆಂದು ತೋರುವುದೇ ಹೊರತು ಸಿದ್ಧಾಂತವೆಂದು ತೋರುವುದಿಲ್ಲ. ೨೦೨೩ರಲ್ಲಿ ನಾರ್ವೆಯ ಕಡಲಪಂಜರಗಳಲ್ಲಿ ಸತ್ತ ಸಾಲ್ಮನ್‌ಗಳು ಸುಮಾರು ೬ ಕೋಟಿ ೨೮ ಲಕ್ಷವೆಂದು ಆ ದೇಶದ ಪಶುವೈದ್ಯಸಂಸ್ಥೆಯು ಲೆಕ್ಕ ಕೊಟ್ಟಿದೆ. ಹೇನು ಬಿಡಿಸುವಾಗ ಆದ ಗಾಯ, ಕಿವಿರಿನ ಬೇನೆ, ಚಳಿಗಾಲದ ಹುಣ್ಣು ಮೊದಲಾಗಿ ಕಾರಣಗಳು ಅನೇಕ. ಲಕ್ಷಶಬ್ದದ ವ್ಯುತ್ಪತ್ತಿಯು ಏನೇ ಇರಲಿ, ಆ ಸಂಖ್ಯೆಯನ್ನು ನೋಡಿದರೆ ಮರಿಯ ಆರೋಗ್ಯವೆಂಬುದು ಕೇವಲ ಪಾಂಡಿತ್ಯದ ವಿಷಯವಲ್ಲವೆಂದು ತಿಳಿಯುತ್ತದೆ.

ಮೀನಿನ ಮರಿಯನ್ನು ಸಾಕುವ ಕಥೆಗಳಲ್ಲಿ ನಮ್ಮವರಿಗೆಲ್ಲ ಗೊತ್ತಿರುವುದು ಶತಪಥಬ್ರಾಹ್ಮಣದ ಮನುವಿನ ಕಥೆ. ಕೈತೊಳೆಯುವ ನೀರಿನಲ್ಲಿ ಮನುವಿಗೆ ಒಂದು ಪುಟ್ಟ ಮೀನು ಸಿಕ್ಕುತ್ತದೆ. ತಾವು ಸಣ್ಣವರಾಗಿರುವವರೆಗೆ ತಮಗೆ ನಾಶವು ಬಹಳ, ಮೀನನ್ನು ಮೀನೇ ನುಂಗುತ್ತದೆ, ಆದುದರಿಂದ ಮೊದಲು ಗಡಿಗೆಯಲ್ಲಿ, ಅದು ಸಾಲದಾದಾಗ ಅಗೆದ ಗುಂಡಿಯಲ್ಲಿ, ಅದೂ ಸಾಲದಾದಾಗ ಕಡಲಿನಲ್ಲಿ ಇಡಬೇಕೆಂದೂ ಆಗ ತನಗೆ ನಾಶದ ಭಯವಿಲ್ಲವೆಂದೂ ಅದು ಮನುವನ್ನು ಬೇಡುತ್ತದೆ. ಮಹಾಭಾರತದ ವನಪರ್ವದಲ್ಲಿ ಇದೇ ಕಥೆಯು ಬರುವಾಗ ಬಾವಿಗೂ ಕಡಲಿಗೂ ನಡುವೆ ಗಂಗಾನದಿಯು ಸೇರಿಕೊಳ್ಳುತ್ತದೆ. ಸಾಲ್ಮನ್ ಸಾಕಣೆಯ ಕ್ರಮವು ಇದೇ: ಮೊಟ್ಟೆಗೂ ಚೀಲಮರಿಗೂ ತಟ್ಟೆ, ಎಳೆಮರಿಗೂ ಪಟ್ಟೆಮರಿಗೂ ನೆಲದ ಮೇಲಣ ಸಿಹಿನೀರಿನ ತೊಟ್ಟಿ, ಬೆಳ್ಳಿಮರಿಗೆ ಕಡಲು. ಹೀಗೆಂದು ನಮ್ಮ ಪೂರ್ವಿಕರಿಗೆ ಸಾಲ್ಮನ್ ಸಾಕಣೆಯು ತಿಳಿದಿತ್ತೆಂದು ನಾನು ಹೇಳುವವನಲ್ಲ. ಅಂಥ ಮಾತುಗಳಿಂದ ಶ್ರುತಿಗೂ ಗೌರವವಿಲ್ಲ, ವಿಜ್ಞಾನಕ್ಕೂ ಗೌರವವಿಲ್ಲ. ಕಥೆಯಲ್ಲಿ ಒಂದು ಪ್ರತಿಜ್ಞೆಯುಂಟು: ದೊಡ್ಡದಾದ ಮೀನಿಗೆ ನಾಶವಿಲ್ಲ. ಆ ಪ್ರತಿಜ್ಞೆಯನ್ನು ಪರೀಕ್ಷಿಸಲು ಈಗ ಸಾಮಗ್ರಿಯಿದೆ ಎಂಬಷ್ಟೇ ನನ್ನ ಮಾತು.

ಚೀಲಮರಿಯ ದೇಹದಲ್ಲಿ ಏನಿದೆಯೆಂದು ನೋಡೋಣ. ಮೀನಿಗೆ ನಮ್ಮಂತೆ ರಕ್ತವನ್ನು ಹುಟ್ಟಿಸುವ ಎಲುಬಿನ ಮಜ್ಜೆಯಿಲ್ಲ. ಆ ಕೆಲಸವನ್ನು ಮೂತ್ರಪಿಂಡದ ಮುಂಭಾಗವು ಮಾಡುತ್ತದೆ. ಕಿವಿರಿನ ಬಳಿ ಥೈಮಸ್ ಎಂಬ ಗ್ರಂಥಿಯೂ ಒಳಗೆ ಪ್ಲೀಹವೂ ಉಂಟು. ಮೊಟ್ಟೆಯೊಡೆದ ಹೊತ್ತಿಗೆ ಇವು ಹೆಸರಿಗೆ ಮಾತ್ರ ಇದ್ದು, ಕ್ರಮೇಣ ಕೆಲಸಕ್ಕೆ ಬರುತ್ತವೆ. ಅಲ್ಲಿಯವರೆಗೆ ಮರಿಯನ್ನು ಕಾಯುವುದು ಮೈಮೇಲಿನ ಲೋಳೆ, ಬಂದುದನ್ನೆಲ್ಲ ನುಂಗುವ ಕಣಗಳು, ತಾಯಿಯು ಮೊಟ್ಟೆಯ ಹಳದಿಯಲ್ಲಿ ಇಟ್ಟುಹೋದ ಕೆಲವು ರಕ್ಷಕದ್ರವ್ಯಗಳು. ಇವು ಶತ್ರುವನ್ನು ಗುರುತಿಟ್ಟುಕೊಂಡು ಮತ್ತೊಮ್ಮೆ ಬಂದಾಗ ಎದುರಿಸುವ ಜಾತಿಯವಲ್ಲ. ಗುರುತಿಟ್ಟುಕೊಳ್ಳುವ ಸಾಮರ್ಥ್ಯವು, ಎಂದರೆ ಪ್ರತಿಕಾಯಗಳನ್ನು ನಿರ್ಮಿಸಿ ನೆನಪಿಡುವ ಸಾಮರ್ಥ್ಯವು, ತಡವಾಗಿ ಬರುತ್ತದೆ. ಅಷ್ಟರೊಳಗೆ ಮರಿಗೆ ಲಸಿಕೆಯನ್ನು ಕೊಟ್ಟರೆ ಅದು ವ್ಯರ್ಥ. ಕೆಲವು ಜಾತಿಯ ಮೀನುಗಳಲ್ಲಿ ವ್ಯರ್ಥವಾಗುವುದಷ್ಟೇ ಅಲ್ಲ, ತೀರ ಎಳೆಯದರಲ್ಲಿ ಪರಿಚಯವಾದ ರೋಗದ್ರವ್ಯವನ್ನು ದೇಹವು ತನ್ನದೆಂದೇ ಎಣಿಸಿ ಮುಂದೆ ಎದುರಿಸದೆ ಬಿಡುವುದೂ ಕಂಡುಬಂದಿದೆ. (ಲಸಿಕೆಯೆಂಬ ಪದವನ್ನು ನಾವು ಈಗ ಚುಚ್ಚುಮದ್ದಿಗೆ ಬಳಸುತ್ತೇವೆ, ಚರಕನಲ್ಲಿ ಲಸೀಕಾ ಎಂದರೆ ತ್ವಕ್ಕು ಮಾಂಸಗಳೊಡನೆ ಎಣಿಸಲ್ಪಡುವ ದೇಹದ ಒಂದು ದ್ರವ. ಇಲ್ಲಿ ಅರ್ಥವು ಬದಲಾದರೂ ಯಾರಿಗೂ ತೊಂದರೆಯಾಗಲಿಲ್ಲ. ಎಲ್ಲ ಅರ್ಥಾಂತರವನ್ನೂ ನಾನು ವಿರೋಧಿಸುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.)

ಹಾಗಾದರೆ ಆ ಸಾಮರ್ಥ್ಯವು ಎಂದಿಗೆ ಬರುತ್ತದೆ? ಸಾಲ್ಮನ್ ಕುಲದ ಮೀನುಗಳ ಮೇಲೆ ನಡೆಸಿ ೧೯೮೨ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ಬಲು ಸ್ವಾರಸ್ಯವಾದ ಉತ್ತರವು ಸಿಕ್ಕಿತು. ಮರಿಗಳನ್ನು ಲಸಿಕೆಯ ನೀರಿನಲ್ಲಿ ಅದ್ದಿ ತೆಗೆದು, ರಕ್ಷಣೆಯು ಎಷ್ಟು ದಿನ ನಿಲ್ಲುವುದೆಂದು ನೋಡಿದರು. ಸುಮಾರು ೧ ಗ್ರಾಂ ತೂಕದ ಮರಿಗೆ ೧೨೦ ದಿನ. ೨ ಗ್ರಾಂ ಮರಿಗೆ ೧೮೦ ದಿನ. ೪ ಗ್ರಾಂ ಮರಿಗೆ ಒಂದು ವರ್ಷದಷ್ಟು. ಒಂದೇ ಲಸಿಕೆ, ಒಂದೇ ಅದ್ದುವಿಕೆ. ಫಲದಲ್ಲಿ ಮಾತ್ರ ಈ ಅಂತರ. ಅದೂ ಹುಟ್ಟಿ ಎಷ್ಟು ದಿನವಾಯಿತೆಂಬುದಕ್ಕಿಂತ ಮೈ ಎಷ್ಟು ಬೆಳೆಯಿತೆಂಬುದೇ ಇಲ್ಲಿ ಗಣನೆಗೆ ಬಂದಿತು. ಶತಪಥದ ಮೀನು ತಾನು 'ಎಳೆಯವನು' ಎನ್ನದೆ 'ಕ್ಷುಲ್ಲಕ', ಎಂದರೆ ಗಾತ್ರದಲ್ಲಿ ಸಣ್ಣವನು, ಎಂದುಕೊಂಡುದು ಇಲ್ಲಿ ನೆನಪಿಗೆ ಬರುತ್ತದೆ. ಲಸಿಕೆಯನ್ನು ಇಮ್ಮಡಿ ಮಾಡಿದರೆ ೧ ಗ್ರಾಂ ಮರಿಯು ೪ ಗ್ರಾಂ ಮರಿಯಾಗುವುದಿಲ್ಲ. 'ಹೆಚ್ಚಿಸು' ಎಂಬ ಕ್ರಿಯಾಪದವು ಇಲ್ಲಿಯೇ ಮುಗ್ಗರಿಸುತ್ತದೆ.

ಇಂಗ್ಲಿಷಿನ 'ಇಮ್ಯೂನಿಟಿ' ಶಬ್ದದ ಮೂಲವನ್ನು ನೋಡಿದರೆ ಅದರಲ್ಲಿ ಶಕ್ತಿಯ ಸುಳಿವೇ ಇಲ್ಲ. ಲ್ಯಾಟಿನ್ ಭಾಷೆಯ 'ಇಮ್ಮೂನಿಸ್' ಎಂದರೆ ಊರ ಸೇವೆಯಿಂದಲೂ ತೆರಿಗೆಯಿಂದಲೂ ಬಿಡುಗಡೆ ಪಡೆದವನು. ನಮ್ಮ ಶಾಸನಗಳ ಪರಿಚಯವಿರುವವರಿಗೆ ಇದು ಹೊಸದಲ್ಲ. 'ಸರ್ವಮಾನ್ಯ', 'ಸರ್ವಬಾಧಾಪರಿಹಾರ' ಎಂದು ದತ್ತಿಯ ಭೂಮಿಗೆ ಹೇಳುವುದು ಇದನ್ನೇ; ಬಾಧೆಯೆಂಬ ಶಬ್ದವು ತೆರಿಗೆಗೂ ರೋಗಕ್ಕೂ ಸಲ್ಲುವುದರಿಂದ ಹೋಲಿಕೆಯು ಇನ್ನೂ ಹತ್ತಿರವಾಗುತ್ತದೆ. ಮಾನ್ಯವು ಇಂಥವರಿಗೆ, ಇಂಥ ಬಾಧೆಯಿಂದ, ಇಂಥ ಕಾಲದವರೆಗೆ ಎಂದು ನಿಯತವಾಗಿರುತ್ತದೆ. ಒಂದು ಸುಂಕದಿಂದ ಬಿಡುಗಡೆಯಾದ ಮಾತ್ರಕ್ಕೆ ಮತ್ತೊಂದರಿಂದ ಬಿಡುಗಡೆಯಾಗುವುದಿಲ್ಲ. ಲಸಿಕೆಯ ರಕ್ಷಣೆಯೂ ಹಾಗೆಯೇ, ಒಂದು ರೋಗಕ್ಕೆ ಕೊಟ್ಟುದು ಮತ್ತೊಂದಕ್ಕೆ ಸಲ್ಲದು. ನಮ್ಮ ಶಾಸನಕಾರರು ಮಾತ್ರ ಆಚಂದ್ರಾರ್ಕವಾಗಿ ಕೊಟ್ಟರು. ೧ ಗ್ರಾಂ ಮರಿಗೆ ಸಿಕ್ಕಿದುದು ೧೨೦ ದಿನ.

ಗಾತ್ರದ ಮೇಲೆ ಉಷ್ಣತೆಯ ಲೆಕ್ಕವೊಂದು ಬೇರೆ. ಮೀನಿನ ಮೈ ನೀರಿನಷ್ಟೇ ತಣ್ಣಗಿರುವುದರಿಂದ ಅದರ ಒಳಗಿನ ಕೆಲಸವೆಲ್ಲ ನೀರಿನ ಶಾಖವನ್ನು ಅನುಸರಿಸಿ ನಡೆಯುತ್ತದೆ. ಆದುದರಿಂದ ಸಾಲ್ಮನ್ ಸಾಕುವವರು ದಿನಗಳನ್ನು ಬರಿದೆ ಎಣಿಸುವುದಿಲ್ಲ. ದಿನಗಳ ಸಂಖ್ಯೆಯನ್ನು ನೀರಿನ ಉಷ್ಣತೆಯಿಂದ ಗುಣಿಸುತ್ತಾರೆ. ೮ ಡಿಗ್ರಿಯ ನೀರಿನಲ್ಲಿ ಹತ್ತು ದಿನ ಕಳೆದರೆ ಅದು ೮೦. ಇದನ್ನು 'ಉಷ್ಣದಿನ' ಎನ್ನೋಣ. ಮೊಟ್ಟೆಯೊಡೆಯಲು ಸುಮಾರು ೫೦೦ ಉಷ್ಣದಿನ ಬೇಕು. ಪಟ್ಟೆಮರಿಗೆ ಹೊಟ್ಟೆಯೊಳಕ್ಕೆ ಲಸಿಕೆ ಚುಚ್ಚಿದ ಮೇಲೆ ರಕ್ಷಣೆಯು ಕೂಡಿಬಂದು ಕಡಲಿಗೆ ಬಿಡಲು ಮತ್ತೆ ಸುಮಾರು ಅಷ್ಟೇ ಕಾಯುವ ರೂಢಿಯುಂಟು. ೧೨ ಡಿಗ್ರಿಯ ನೀರಿನಲ್ಲಿ ಅದು ಆರು ವಾರ. ೬ ಡಿಗ್ರಿಯಲ್ಲಿ ಹನ್ನೆರಡು ವಾರ. ಪಂಚಾಂಗದ ದಿನವು ಮೀನಿಗೆ ಸಲ್ಲದು. ಕಾಲವೆಂಬುದು ಎಲ್ಲಕ್ಕೂ ಸಮಾನವಾಗಿ ಹರಿಯುವ ಒಂದೇ ಪ್ರವಾಹವೆಂಬ ತಾರ್ಕಿಕರ ಮತವನ್ನು ಓದಿ ಬೆಳೆದ ನನ್ನಂಥವರಿಗೆ ಈ ಲೆಕ್ಕವು ಸ್ವಲ್ಪ ಬೆರಗನ್ನುಂಟುಮಾಡುತ್ತದೆ.

ನಾರ್ವೆಯ ಇತಿಹಾಸವು ಇದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಸಾಕಣೆಯು ಯಾವ ದ್ವೀಪದಲ್ಲಿ ಕುದುರಿತೋ ಆ ದ್ವೀಪದ ಹೆಸರಿನಿಂದಲೇ 'ಹಿಟ್ರಾ ರೋಗ'ವೆಂಬುದು ೧೯೭೦ರ ದಶಕದ ಕೊನೆಗೆ ಪ್ರಸಿದ್ಧವಾಯಿತು. ಆಹಾರದ ಕೊರತೆಯೇ ಅದಕ್ಕೆ ಕಾರಣವೆಂಬ ಪಕ್ಷವೂ ಆಗ ಇದ್ದಿತು. ಕೊನೆಗೆ ತಣ್ಣೀರಿನಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯವು ಕಾರಣವೆಂದು ಸ್ಥಿರಪಟ್ಟಿತು. ೧೯೮೫ರಲ್ಲಿ ಸ್ಕಾಟ್ಲೆಂಡಿನಿಂದ ತಂದ ಬೆಳ್ಳಿಮರಿಗಳೊಡನೆ ಫ್ಯೂರಂಕ್ಯುಲೋಸಿಸ್ ಎಂಬ ಕುರುರೋಗವು ಬಂದು ಸೇರಿತು. ಇದು ೧೮೯೪ರಲ್ಲಿಯೇ ಜರ್ಮನಿಯ ಮೀನುಮರಿಗಳ ಕೇಂದ್ರವೊಂದರಲ್ಲಿ ಗುರುತಿಸಲ್ಪಟ್ಟಿದ್ದ ಹಳೆಯ ಶತ್ರು. ಆಗ ಕೈಯಲ್ಲಿದ್ದ ಉಪಾಯವೆಂದರೆ ಆಹಾರದಲ್ಲಿ ಪ್ರತಿಜೈವಿಕ ಔಷಧ. ೧೯೮೭ರಲ್ಲಿ, ಸುಮಾರು ಐವತ್ತು ಸಾವಿರ ಟನ್ ಮೀನಿಗೆ ಸುಮಾರು ೪೮ ಟನ್ ಔಷಧವು ವೆಚ್ಚವಾಯಿತು. ಆಮೇಲೆ ಲಸಿಕೆಗಳು ಬಂದುವು. ಅದರಲ್ಲಿಯೂ ೧೯೯೦ರ ದಶಕದ ಆರಂಭದಲ್ಲಿ ಎಣ್ಣೆಯೊಡನೆ ಬೆರೆಸಿ ಚುಚ್ಚುವ ಲಸಿಕೆ ಬಂದಮೇಲೆ ಔಷಧದ ಬಳಕೆಯು ಇಳಿದುಹೋಯಿತು. ಮೀನಿನ ಬೆಳೆಯು ಮೂವತ್ತು ಮಡಿಯಾಗಿರುವ ಈಚಿನ ವರ್ಷಗಳಲ್ಲಿ ಇಡೀ ದೇಶದ ಮೀನುಸಾಕಣೆಯ ಪ್ರತಿಜೈವಿಕವು ವರ್ಷಕ್ಕೆ ಒಂದು ಟನ್ನಿಗಿಂತಲೂ ಕಡಿಮೆ. ಸಾಕುಪ್ರಾಣಿಗಳ ವೈದ್ಯದಲ್ಲಿ ಇಂಥ ಉದಾಹರಣೆಗಳು ಹೆಚ್ಚಿಲ್ಲ. ೧೯೪೨ರಲ್ಲಿ ಕೆನಡಾ ದೇಶದ ಡಫ್ ಎಂಬವನು ಇದೇ ಕುರುರೋಗಕ್ಕೆ, ಕೊಂದ ಬ್ಯಾಕ್ಟೀರಿಯವನ್ನು ಟ್ರೌಟ್ ಮೀನಿಗೆ ಮೇವಿನಲ್ಲಿ ತಿನ್ನಿಸಿ ರಕ್ಷಣೆಯನ್ನು ತೋರಿಸಿದ್ದನು. ಆ ಬೀಜವು ಫಲಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು.

ಈ ವಿಜಯಕ್ಕೆ ಮರಿಯು ಬೆಲೆ ತೆರುತ್ತದೆ. ಎಣ್ಣೆಯ ಲಸಿಕೆಯನ್ನು ಚುಚ್ಚಿದ ಜಾಗದಲ್ಲಿ ಕರುಳು ಮೊದಲಾದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಪ್ಪು ಬಣ್ಣ ಕೂಡುತ್ತದೆ. ಕೆಲಕಾಲ ಮೇವು ತಗ್ಗಿ ಬೆಳವಣಿಗೆಯು ಕುಂದುತ್ತದೆ. ಈ ಅಂಟಿಕೆಯನ್ನು ಸೊನ್ನೆಯಿಂದ ಆರರವರೆಗೆ ಅಳೆಯಲು ಒಂದು ಕ್ರಮವನ್ನೇ ಏರ್ಪಡಿಸಿದ್ದಾರೆ. ಮರಿಯು ತೀರ ಸಣ್ಣದಾಗಿದ್ದರೆ, ನೀರು ಬೆಚ್ಚಗಿದ್ದರೆ, ಈ ಹಾನಿಯು ಹೆಚ್ಚು. ಆದುದರಿಂದ ಒಂದೇ ಚುಚ್ಚುವಿಕೆಯಲ್ಲಿ ಲಾಭವೂ ಹಾನಿಯೂ ಉಂಟು. ಎರಡರ ಪ್ರಮಾಣವನ್ನೂ ಸಮಯವೇ ನಿರ್ಣಯಿಸುತ್ತದೆ. ಲಸಿಕೆಯೇ ಸರ್ವಸಾಧಕವೂ ಅಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ೧೯೮೯ರಿಂದ ಕಾಡುತ್ತಿರುವ ಒಂದು ಬ್ಯಾಕ್ಟೀರಿಯವು ಮೀನಿನ ಜೀವಕೋಶಗಳ ಒಳಗೇ ಮನೆಮಾಡಿಕೊಳ್ಳುವುದರಿಂದ ಲಸಿಕೆಗಳು ಅದಕ್ಕೆ ಚೆನ್ನಾಗಿ ನಾಟವು. ಅಲ್ಲಿ ವರ್ಷವರ್ಷವೂ ನೂರಾರು ಟನ್ ಪ್ರತಿಜೈವಿಕವು ಕಡಲಿಗೆ ಇಳಿಯುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಬಲವನ್ನು ಸಹಜ, ಕಾಲಜ, ಯುಕ್ತಿಕೃತ ಎಂದು ಮೂರಾಗಿ ವಿಭಾಗಿಸಿದೆ. ಹುಟ್ಟಿನಿಂದ ಬಂದುದು ಸಹಜ. ಋತುವಿನಿಂದಲೂ ವಯಸ್ಸಿನಿಂದಲೂ ಬಂದುದು ಕಾಲಜ. ಆಹಾರವಿಹಾರಗಳ ಯೋಜನೆಯಿಂದ ಬಂದುದು ಯುಕ್ತಿಕೃತ. ಅದೇ ಸ್ಥಾನದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ಅಗ್ನಿವೇಶನು ಗುರುವನ್ನು ಕೇಳುತ್ತಾನೆ: ಹಿತವಾದುದನ್ನು ಉಂಡವರೂ ರೋಗಿಗಳಾಗುವುದು, ಅಹಿತವನ್ನು ಉಂಡವರೂ ನೆಟ್ಟಗಿರುವುದು ಹೇಗೆ? ಆತ್ರೇಯನ ಉತ್ತರದ ಸಾರವು, ಆಹಾರವೊಂದೇ ಕಾರಣವಲ್ಲ, ಕಾಲದ ವ್ಯತ್ಯಾಸವೂ ಕಾರಣ, ಮತ್ತು ಎಲ್ಲ ಶರೀರಗಳೂ ವ್ಯಾಧಿಕ್ಷಮತ್ವದಲ್ಲಿ ಸಮವಲ್ಲ ಎಂಬುದು. ಚಕ್ರಪಾಣಿದತ್ತನು ಆ ಪದವನ್ನು ವ್ಯಾಖ್ಯಾನಿಸುತ್ತ ಎರಡು ಅರ್ಥಗಳನ್ನು ಬೇರ್ಪಡಿಸುತ್ತಾನೆ: ಬಂದ ರೋಗದ ಬಲವನ್ನು ಎದುರಿಸುವುದು ಒಂದು, ರೋಗವು ಹುಟ್ಟದಂತೆ ತಡೆಯುವುದು ಇನ್ನೊಂದು. ಈ ವಿವೇಕವು 'ರೋಗನಿರೋಧಕ ಶಕ್ತಿ'ಯಲ್ಲಿ ಕಳೆದುಹೋಗಿದೆ.

ಸಹಜವೆಂಬುದು ಎಷ್ಟು ನಿಜವೆಂಬುದಕ್ಕೆ ಸಾಲ್ಮನ್ನಿನಲ್ಲಿಯೇ ನಿದರ್ಶನವುಂಟು. ಮೇದೋಜೀರಕ ಗ್ರಂಥಿಯನ್ನು ಕೊಳೆಯಿಸುವ ಐಪಿಎನ್ ಎಂಬ ವೈರಸ್ ರೋಗವು ಮರಿಯನ್ನು ಎರಡು ಸಂಧಿಗಳಲ್ಲಿ ಹಿಡಿಯುತ್ತದೆ: ಎಳೆಮರಿಯು ಮೊದಲು ಮೇಯತೊಡಗಿದಾಗ, ಮತ್ತು ಬೆಳ್ಳಿಮರಿಯು ಕಡಲಿಗಿಳಿದ ಹೊಸತರಲ್ಲಿ. ಕೆಲವು ತಳಿಗಳ ಮರಿಗಳು ಮಾತ್ರ ಇದರಿಂದ ಸಾಯುತ್ತಿರಲಿಲ್ಲ. ಆ ಭೇದದ ಬಹುಭಾಗವು ವಂಶವಾಹಿಯ ಒಂದೇ ನೆಲೆಯಲ್ಲಿ ಅಡಗಿದೆಯೆಂದು ೨೦೦೮-೦೯ರ ಸುಮಾರಿನಲ್ಲಿ ಸ್ಕಾಟ್ಲೆಂಡ್ ಮತ್ತು ನಾರ್ವೆಗಳ ಶೋಧಕರು ಬೇರೆಬೇರೆಯಾಗಿ ಕಂಡರು. ೨೦೧೫ರಲ್ಲಿ ನಾರ್ವೆಯವರು ಅದನ್ನು ಕ್ಯಾಡ್ಹೆರಿನ್ ಎಂಬ, ಜೀವಕೋಶದ ಹೊರಮೈಯ ಒಂದು ಪದಾರ್ಥಕ್ಕೆ ಸಂಬಂಧಿಸಿದರು. ತಾಳಿಕೊಳ್ಳುವ ಮರಿಯಲ್ಲಿ ಅದರ ರೂಪವು ಬೇರೆಯಾಗಿದ್ದು, ವೈರಸ್ಸು ಕೋಶದೊಳಕ್ಕೆ ಹೋಗಲಾರದೆ ಉಳಿಯುತ್ತದೆಯೆಂಬುದು ಅವರ ಮತ. ಅಂಥ ತಳಿಯ ಮೊಟ್ಟೆಗಳನ್ನೇ ಆರಿಸಿ ಸಾಕಿದುದರಿಂದ ನಾರ್ವೆಯಲ್ಲಿ ಈ ರೋಗವು ಬಹಳ ಇಳಿದಿದೆ. ಇಲ್ಲಿ ನಿರೋಧವೆಲ್ಲಿ, ಶಕ್ತಿಯೆಲ್ಲಿ? ಕಳ್ಳನನ್ನು ಯಾರೂ ಹೊಡೆದೋಡಿಸಲಿಲ್ಲ; ಅವನ ಬೀಗದಕೈ ಆ ಮನೆಯ ಬೀಗಕ್ಕೆ ಹೊಂದಲಿಲ್ಲ. ಚಕ್ರಪಾಣಿಯ ಎರಡನೆಯ ಅರ್ಥವು ಇದಕ್ಕೆ ಸಲ್ಲುತ್ತದೆ, ಮೊದಲನೆಯದು ಸಲ್ಲುವುದಿಲ್ಲ.

ಈಗ ಮನುವಿನ ಮೀನಿನ ಪ್ರತಿಜ್ಞೆಗೆ ಬರೋಣ. ಪಟ್ಟೆಮರಿಯು ಬೆಳ್ಳಿಮರಿಯಾಗುವುದು ಸಣ್ಣ ಮಾರ್ಪಾಡಲ್ಲ. ಉಪ್ಪನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತಿದ್ದ ಕಿವಿರು ಈಗ ಉಪ್ಪನ್ನು ಹೊರಕ್ಕೆ ತಳ್ಳತಕ್ಕ ಅಂಗವಾಗಬೇಕು. ಮೈಬಣ್ಣ, ಈಜುವ ರೀತಿ, ನಡತೆ ಎಲ್ಲವೂ ಬದಲಾಗಬೇಕು. ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರಿ ಈ ಕೆಲಸವನ್ನು ನಡೆಸುತ್ತವೆ. ಇದೇ ಹೊತ್ತಿನಲ್ಲಿ ರಕ್ಷಣೆಗೆ ಸಂಬಂಧಿಸಿದ ಅನೇಕ ವಂಶವಾಹಿಗಳ ಕೆಲಸವು ಮಂದವಾಗುತ್ತದೆ, ಕಡಲಿಗಿಳಿದ ಮೇಲೂ ಕೆಲವು ವಾರ ಹಾಗೆಯೇ ಇರುತ್ತದೆ ಎಂದು ಕಂಡುಬಂದಿದೆ. ಎಂದರೆ ಮರಿಯು ಅದುವರೆಗಿನ ತನ್ನ ಜೀವಿತದಲ್ಲೆಲ್ಲ ದೊಡ್ಡದಾಗಿರುವಾಗಲೇ, ಯಾವ ಕಡಲಿನಲ್ಲಿ ನಾಶದ ಭಯವಿಲ್ಲವೆಂದು ಕಥೆಯು ಹೇಳಿತೋ ಆ ಕಡಲಿನ ಬಾಗಿಲಲ್ಲಿಯೇ, ಅದು ಹೆಚ್ಚು ಅಸಹಾಯವಾಗಿರುತ್ತದೆ. ಕಥೆಯ ಮೀನಿಗೆ ಮೀನಿನ ಭಯವಿದ್ದಿತು. ಆ ಭಯವು ಗಾತ್ರದಿಂದ ಹೋಗುತ್ತದೆ. ಸೂಕ್ಷ್ಮಜೀವಿಯ ಭಯವು ಗಾತ್ರದಿಂದ ಒಮ್ಮೆ ಕಡಿಮೆಯಾಗಿ ಮತ್ತೊಮ್ಮೆ ಮರಳಿ ಬರುತ್ತದೆ. ಇದನ್ನರಿತೇ ಈಚೆಗೆ ನಾರ್ವೆಯಲ್ಲಿ ಮರಿಯನ್ನು ತೊಟ್ಟಿಯಲ್ಲಿಯೇ ಇನ್ನೂ ಬೆಳೆಯಿಸಿ, ನೂರು ಗ್ರಾಮಿನ ಸುತ್ತಿನ ಹಳೆಯ ತೂಕಕ್ಕೆ ಬದಲಾಗಿ ಹಲವು ನೂರು ಗ್ರಾಂ ತೂಗುವಾಗ ಕಡಲಿಗೆ ಬಿಡುವ ಪದ್ಧತಿಯು ಬಂದಿದೆ. ಗುಂಡಿಯಲ್ಲಿಯ ವಾಸವನ್ನು ಉದ್ದಮಾಡಿದರೆಂದು ಹೇಳಬಹುದು.

ಇಲ್ಲಿ ಚರಕನ ವಿಭಾಗಕ್ಕೂ ಒಂದು ತೊಡಕುಂಟು. ಅದನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ಕಾಡುಸಾಲ್ಮನ್ ನಾರ್ವೆಯ ಹೊಳೆಯಲ್ಲಿ ಎರಡರಿಂದ ಐದು ವರ್ಷವಿದ್ದು ವಸಂತದ ಬೆಳಕು ಏರಿದಾಗ ಬೆಳ್ಳಿಮರಿಯಾಗುತ್ತದೆ. ಸಾಕುವವರು ತೊಟ್ಟಿಯ ಮೇಲೆ ದೀಪವಿಟ್ಟು, ಕೆಲವು ವಾರ ಹಗಲನ್ನು ಕುಗ್ಗಿಸಿ ಹುಸಿಚಳಿಗಾಲವನ್ನೂ, ಆಮೇಲೆ ಇಪ್ಪತ್ತನಾಲ್ಕು ಗಂಟೆಯೂ ಬೆಳಕು ಕೊಟ್ಟು ಹುಸಿವಸಂತವನ್ನೂ ಕಲ್ಪಿಸಿ, ಒಂದು ವರ್ಷದ ಆಸುಪಾಸಿನಲ್ಲಿಯೇ ಅದನ್ನು ಬೆಳ್ಳಿಮರಿಯನ್ನಾಗಿ ಮಾಡುತ್ತಾರೆ. ಋತುವನ್ನೇ ದೀಪದಿಂದ ಮಾಡಿದರೆ ಆ ಬಲವು ಕಾಲಜವೋ ಯುಕ್ತಿಕೃತವೋ? ಯುಕ್ತಿಯಿಂದ ಕೃತವಾದುದು ಕಾಲವೇ ಹೊರತು ಬಲವಲ್ಲ, ಬಲವು ಆ ಕಾಲದಿಂದಲೇ ಹುಟ್ಟಿತು ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನವು ಪೂರ್ತಿಯಾಗಿ ಒಪ್ಪಿಗೆಯಲ್ಲ. ಆದರೂ ಒಂದೇ ಶಬ್ದದಲ್ಲಿ ಮೂರನ್ನೂ ಕಲಸಿದ ಮಾತಿಗಿಂತ ಪ್ರಶ್ನೆಯನ್ನು ಎಬ್ಬಿಸುವ ವಿಭಾಗವು ಮೇಲು.

ಮಾತಿನ ದೋಷದಿಂದ ನಷ್ಟವೆಂದೆನಲ್ಲ, ಅದು ಮೇವಿನ ಅಂಗಡಿಯಲ್ಲಿ ಕಾಣುತ್ತದೆ. ಯೀಸ್ಟಿನ ಕೋಶದ ಗೋಡೆಯಿಂದ ತೆಗೆದ ಬೀಟಾಗ್ಲೂಕನ್ ಎಂಬ ಪದಾರ್ಥವನ್ನು ಮರಿಗಳ ಮೇವಿಗೆ ಸೇರಿಸುವುದುಂಟು. ಇದು ಮೋಸವಲ್ಲ. ನುಂಗುವ ಕಣಗಳನ್ನು ಇದು ಎಚ್ಚರಿಸುತ್ತದೆ. ಸಾಗಣೆ, ಲಸಿಕೆ, ಕಡಲಿಗೆ ಬಿಡುವಿಕೆ ಮೊದಲಾದ ಆಯಾಸದ ಸಮಯಕ್ಕೆ ಮುಂಚಿತವಾಗಿ ಕೊಟ್ಟರೆ ಉಪಯೋಗವುಂಟೆಂದು ಪರೀಕ್ಷೆಗಳು ತೋರಿಸಿವೆ. ಆದರೆ ಆ ಎಚ್ಚರವು ಕೆಲವು ವಾರದ್ದು, ಯಾವ ರೋಗವನ್ನೂ ನೆನಪಿಡತಕ್ಕುದಲ್ಲ. ಪ್ರಮಾಣವು ಮೀರಿದರೆ, ಬಿಡದೆ ಕೊಡುತ್ತ ಹೋದರೆ, ಫಲವು ಇಲ್ಲವಾಗುವುದೂ ಕೆಲವೊಮ್ಮೆ ತಿರುಗಿ ಕೆಳಗಿಳಿಯುವುದೂ ಕಂಡಿದೆ. 'ಶಕ್ತಿಯನ್ನು ಹೆಚ್ಚಿಸುತ್ತದೆ' ಎಂದು ಚೀಲದ ಮೇಲೆ ಓದಿದವನು ಇದನ್ನು ಹೇಗೆ ಊಹಿಸಬೇಕು? ಹೆಚ್ಚಿಸುವುದಾದರೆ ಇನ್ನೂ ಹಾಕೋಣ, ದಿನವೂ ಹಾಕೋಣ ಎಂದುಕೊಳ್ಳುವುದು ಅವನ ಮೌಢ್ಯವಲ್ಲ, ಆ ವಾಕ್ಯದ ನೇರವಾದ ಅರ್ಥ. ಕಾಯಬೇಕಾದಲ್ಲಿ ಅವನು ಕೊಳ್ಳುತ್ತಾನೆ.

ಇಲ್ಲಿ ಪೂರ್ವಪಕ್ಷ. ಚರಕನೂ ಬಲವೆಂದೇ ಹೇಳಿದನಲ್ಲ, ಬಲಕ್ಕೂ ಶಕ್ತಿಗೂ ಏನು ಭೇದ? ಅಲ್ಲದೆ ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವಾದುದರಿಂದ, ರೂಢವಾದ ಪದವನ್ನು ಕದಲಿಸುವುದೇಕೆ? ಮೊದಲನೆಯದಕ್ಕೆ ಉತ್ತರವು, ಚರಕನು ಬಲವನ್ನು ಹೇಳಿದೊಡನೆ ಅದರ ಮೂರು ಹುಟ್ಟುಗಳನ್ನು ಹೇಳಿದನು. ನಾವು ಶಕ್ತಿಯೆಂದು ನಿಲ್ಲಿಸಿಬಿಟ್ಟೆವು. ಎರಡನೆಯದನ್ನು ನಾನು ಅರ್ಧ ಒಪ್ಪುತ್ತೇನೆ. ಮನೆಮಾತಿನಲ್ಲಿ 'ರೋಗನಿರೋಧಕ ಶಕ್ತಿ' ಇರಲಿ. ಶಾಸ್ತ್ರಲೇಖನದಲ್ಲಿಯೂ ಪಾಠಪುಸ್ತಕದಲ್ಲಿಯೂ 'ವ್ಯಾಧಿಕ್ಷಮತ್ವ'ವೆಂದು ಬರೆದು, ಯಾವ ವ್ಯಾಧಿಗೆ, ಎಂತಹ ಹುಟ್ಟಿನದು, ಎಷ್ಟು ಕಾಲದ್ದು ಎಂಬುದನ್ನು ಜೊತೆಯಲ್ಲಿಯೇ ಹೇಳುವುದು ಲೇಸು. ಈ ಪದಕ್ಕೂ ಒಂದು ಆಕ್ಷೇಪವಿದೆ: ಕ್ಷಮೆಯೆಂದರೆ ಮನ್ನಿಸುವುದು, ರೋಗವನ್ನು ಮನ್ನಿಸುವ ದೇಹವೆಂದು ಹುಡುಗರು ತಿಳಿದಾರು. ಕ್ಷಮ್ ಧಾತುವಿಗೆ ತಾಳುವುದೆಂಬ ಅರ್ಥವೂ ಅದರಿಂದ ಹುಟ್ಟಿದ ಕ್ಷಮಶಬ್ದಕ್ಕೆ ಯೋಗ್ಯ, ಸಮರ್ಥ ಎಂಬ ಅರ್ಥವೂ ಇರುವುದರಿಂದ ದೋಷವಿಲ್ಲ. ಶತ್ರುವನ್ನು ತನ್ನದೆಂದೆಣಿಸಿ ಬಿಟ್ಟುಬಿಡುವ, ಮೇಲೆ ಹೇಳಿದ ಎಳೆಮರಿಯ ಸ್ಥಿತಿಗೆ 'ಸಹಿಷ್ಣುತೆ'ಯೆಂದು ಬೇರೆ ಪದವನ್ನು ಇಟ್ಟುಕೊಂಡರೆ ಗೊಂದಲವು ತಪ್ಪುತ್ತದೆ.

ನಾಮಪದಕ್ಕಿಂತ ಕ್ರಿಯಾಪದವೇ ಹೆಚ್ಚು ತೊಂದರೆ ಕೊಟ್ಟುದು. ಅದಕ್ಕೆ ಸಂಸ್ಕೃತದ ಕಡೆಗೆ ನೋಡಬೇಕಾಗಿಲ್ಲ. ಕನ್ನಡದಲ್ಲಿ 'ಬಲಿ' ಎಂಬ ಧಾತುವುಂಟು. ಕಾಯಿ ಬಲಿಯಿತು, ತೆನೆ ಬಲಿಯಿತು, ಕೊಂಬೆ ಬಲಿಯಿತು ಎನ್ನುತ್ತೇವೆ. ಗಟ್ಟಿಯಾಗುವುದೂ ಹೊತ್ತು ಬಂದು ಪಕ್ವವಾಗುವುದೂ ಎರಡೂ ಅದರಲ್ಲಿವೆ. ಅದಕ್ಕೆ ಎದುರಾಗಿ 'ಎಳೆ' ಎಂಬ ಮಾತು ಸಿದ್ಧವಾಗಿಯೇ ಇದೆ. ಕಾಯಿಯನ್ನು ಯಾರೂ 'ಹೆಚ್ಚಿಸು'ವುದಿಲ್ಲ, ಬಲಿಯಗೊಡುತ್ತಾರೆ. ಪಟ್ಟೆಮರಿಯ ಕ್ಷಮತ್ವವು ಇನ್ನೂ ಎಳೆಯದು, ೫೦೦ ಉಷ್ಣದಿನಕ್ಕೆ ಬಲಿಯಿತು, ಬೆಳ್ಳಿಮರಿಯಾಗುವಾಗ ಸ್ವಲ್ಪ ಸಡಿಲಿತು ಎಂದು ಬರೆದರೆ ಸಂಗತಿಯು ಇದ್ದಂತೆ ತಿಳಿಯುತ್ತದೆ, ಮೇವಿನ ಚೀಲವನ್ನು ಮಾರುವವನಿಗೂ ವಾಕ್ಯವನ್ನು ತಿರುಚುವುದು ಸುಲಭವಾಗುವುದಿಲ್ಲ. 'ಬಲಿಯಿಸು' ಎಂಬ ಪ್ರೇರಣಾರ್ಥಕ ರೂಪವನ್ನು ಲಸಿಕೆಗೆ ಬಳಸಬಹುದೇ ಎಂಬುದು ವಿಚಾರಣೀಯ. ಬಳಸಬಹುದೆಂದೇ ನನಗೆ ತೋರುತ್ತದೆ. ಏಕೆಂದರೆ ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣುಮಾಡುವವನು ಸಹ ಬಲಿಯದ ಕಾಯಿಯನ್ನು ಕೀಳುವುದಿಲ್ಲ.